ಮೊದಲ ಲಾಂಗ್ ಡಿಸ್ಟನ್ಸ್ ಟ್ರಯಥ್ಲಾನ್‌ಗೆ ತಯಾರಿ: ವೇಗದ ಲೆಕ್ಕ, ಹೊಟ್ಟೆಯ ಲೆಕ್ಕ

3.8 ಕಿ.ಮೀ. ಈಜು, ಅದು ಮುಗಿದ ಕೂಡಲೇ 180 ಕಿ.ಮೀ. ಸೈಕಲ್, ಸೈಕಲ್ ಇಳಿದ ಕೂಡಲೇ 42.2 ಕಿ.ಮೀ. ಓಟ. ಹೆಸರು ನೋಂದಾಯಿಸಿ ಹಣ ಕಟ್ಟಿದವರನ್ನು ಮೊದಲು ಕಾಡುವುದು ದೂರದ ಭಯ. ಆದರೆ ಮೊದಲ ಸಲ ಇಳಿದು ಅರ್ಧಕ್ಕೆ ನಿಂತವರಲ್ಲಿ ಬಹಳ ಜನಕ್ಕೆ ಆ ದೂರ ಕ್ರಮಿಸುವ ತಾಕತ್ತು ಇದ್ದೇ ಇರುತ್ತದೆ. ಸೈಕಲ್ ಮೇಲೆ ಆತುರಪಟ್ಟು ಶಕ್ತಿಯನ್ನೆಲ್ಲ ಸುರಿದಿರುತ್ತಾರೆ, ತಿನ್ನಬೇಕಾದಷ್ಟು ತಿಂದಿರುವುದಿಲ್ಲ, ಇಲ್ಲವೇ ತಿಂದದ್ದು ಹೊಟ್ಟೆಗೆ ಒಗ್ಗಿರುವುದಿಲ್ಲ. ಹಾಗಾಗಿ ತರಬೇತಿಯ ಏಳೆಂಟು ತಿಂಗಳಲ್ಲಿ ಮುಖ್ಯವಾಗಿ ಕಲಿಯಬೇಕಾದ್ದು ಎರಡು: ಇಡೀ ದಿನ ತಾಳುವ ವೇಗ ಯಾವುದೆಂದು ತಿಳಿಯುವುದು, ಆ ವೇಗದಲ್ಲಿ ಹೋಗುತ್ತಲೇ ತಿನ್ನುವುದನ್ನು ರೂಢಿಸಿಕೊಳ್ಳುವುದು.

ಸ್ಪರ್ಧೆ ಮತ್ತು ಅದರ ಗಡುವು

ಟ್ರಯಥ್ಲಾನ್‌ನಲ್ಲಿ ಹಲವು ದೂರಗಳಿವೆ. ಸ್ಪ್ರಿಂಟ್‌ನಲ್ಲಿ 750 ಮೀ. ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರದಲ್ಲಿ 1.5, 40 ಮತ್ತು 10 ಕಿ.ಮೀ. ಹಾಫ್ ಎಂದು ಕರೆಯುವುದರಲ್ಲಿ 1.9, 90 ಮತ್ತು 21.1. ಅದರ ದುಪ್ಪಟ್ಟೇ ಫುಲ್ ಅಥವಾ ಲಾಂಗ್ ಡಿಸ್ಟನ್ಸ್. ಜನ ಇದನ್ನು ಐರನ್‌ಮ್ಯಾನ್ ಎನ್ನುವುದುಂಟು. ಅದು ಒಂದು ಕಂಪನಿಯ ಟ್ರೇಡ್‌ಮಾರ್ಕ್. ಇದೇ ದೂರದ ಬೇರೆ ಸ್ಪರ್ಧೆಗಳೂ ಇವೆ, ಜರ್ಮನಿಯ ಚಾಲೆಂಜ್ ರೋತ್ ಅಂಥದ್ದರಲ್ಲಿ ಒಂದು. ಈ ದೂರಗಳು ಹುಟ್ಟಿದ್ದು ಹವಾಯಿಯ ಒಆಹು ದ್ವೀಪದಲ್ಲಿ. ಅಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿದ್ದ ಒಂದು ಈಜು, ಒಂದು ಸೈಕಲ್ ಸವಾರಿ ಮತ್ತು ಒಂದು ಮ್ಯಾರಥಾನ್ ಅನ್ನು ಒಂದೇ ದಿನಕ್ಕೆ ಜೋಡಿಸಿ 1978ರ ಫೆಬ್ರವರಿಯಲ್ಲಿ ಮೊದಲ ಸ್ಪರ್ಧೆ ನಡೆಯಿತು. ಹೊರಟವರು 15 ಮಂದಿ, ಮುಗಿಸಿದವರು 12.

ಈಗಿನ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಒಟ್ಟು 17 ಗಂಟೆಯ ಗಡುವು ಇರುತ್ತದೆ. ನಡುವೆಯೂ ಗಡುವುಗಳಿವೆ: ಈಜಿಗೆ 2 ಗಂಟೆ 20 ನಿಮಿಷ, ಸೈಕಲ್ ಮುಗಿಸಲು ಆರಂಭದಿಂದ ಸುಮಾರು 10 ಗಂಟೆ 30 ನಿಮಿಷ. ಸ್ಪರ್ಧೆಯಿಂದ ಸ್ಪರ್ಧೆಗೆ ಇದು ಬದಲಾಗುತ್ತದೆ, ಆದ್ದರಿಂದ ಆಯೋಜಕರು ಕೊಡುವ ನಿಯಮ ಪುಸ್ತಿಕೆಯನ್ನು ಮೊದಲ ದಿನವೇ ಓದಿಕೊಳ್ಳಬೇಕು.

ಈ ಗಡುವುಗಳನ್ನು ವೇಗಕ್ಕೆ ಇಳಿಸಿ ನೋಡಿದರೆ ಅರ್ಧ ಭಯ ಹೋಗುತ್ತದೆ. 3.8 ಕಿ.ಮೀ.ಗೆ 2 ಗಂಟೆ 20 ನಿಮಿಷ ಎಂದರೆ 100 ಮೀಟರಿಗೆ 3 ನಿಮಿಷ 41 ಸೆಕೆಂಡ್. ಒಂದೂವರೆ ಗಂಟೆಯಲ್ಲಿ ಈಜಿ, ಬಟ್ಟೆ ಬದಲಿಸಲು 10 ನಿಮಿಷ ತೆಗೆದುಕೊಂಡು, ಗಂಟೆಗೆ 24 ಕಿ.ಮೀ. ಸರಾಸರಿಯಲ್ಲಿ ಸೈಕಲ್ ತುಳಿದರೆ 9 ಗಂಟೆ 10 ನಿಮಿಷಕ್ಕೆ ಸೈಕಲ್ ಮುಗಿಯುತ್ತದೆ. ಇನ್ನೊಂದು 10 ನಿಮಿಷ ಕಳೆದು ಓಟಕ್ಕೆ ಹೊರಟರೆ ಕೈಯಲ್ಲಿ 7 ಗಂಟೆ 40 ನಿಮಿಷ ಉಳಿದಿರುತ್ತದೆ. ಅಂದರೆ ಕಿಲೋಮೀಟರಿಗೆ 10 ನಿಮಿಷ 54 ಸೆಕೆಂಡ್. ಗಂಟೆಗೆ ಐದೂವರೆ ಕಿ.ಮೀ. ಬಿರುಸು ನಡಿಗೆಯ ವೇಗವೂ ಅಷ್ಟೇ. ಸುಸ್ಥಿತಿಯಲ್ಲಿ ಸೈಕಲ್ ಇಳಿದವರಿಗೆ ಮುಗಿಸಲು ದಾರಿ ಇದ್ದೇ ಇದೆ, ಇಡೀ ಯೋಜನೆಯ ಗುರಿಯೂ ಆ ಸುಸ್ಥಿತಿಯೇ.

ಎಷ್ಟು ತಿಂಗಳು, ವಾರಕ್ಕೆ ಎಷ್ಟು ಗಂಟೆ

ನಿಲ್ಲದೆ 1 ಕಿ.ಮೀ. ಈಜಲು, ಎರಡು ಗಂಟೆ ಸೈಕಲ್ ತುಳಿಯಲು, 10 ಕಿ.ಮೀ. ಓಡಲು ಈಗಾಗಲೇ ಬಂದರೆ 28ರಿಂದ 32 ವಾರ ಸಾಕು. ಈಜೇ ಬಾರದಿದ್ದರೆ ಒಂದು ವರ್ಷ ಇಟ್ಟುಕೊಳ್ಳುವುದು ಒಳ್ಳೆಯದು. ನಡುವೆ ಒಂದು ಹಾಫ್ ಮುಗಿಸಿದರೆ ಹೊಟ್ಟೆ, ಸಲಕರಣೆ, ವೇಗ ಎಲ್ಲದರ ಪರೀಕ್ಷೆ ಒಟ್ಟಿಗೆ ಆಗುತ್ತದೆ. ಮುಖ್ಯ ಸ್ಪರ್ಧೆಗೆ 8ರಿಂದ 10 ವಾರ ಮುಂಚೆ ಅದು ಬಿದ್ದರೆ ತಪ್ಪು ತಿದ್ದಿಕೊಳ್ಳಲು ಸಮಯವೂ ಸಿಗುತ್ತದೆ. ಯೋಜನೆ ಶುರುಮಾಡುವ ಮೊದಲು ವೈದ್ಯರ ಬಳಿ ಹೃದಯ ಮತ್ತು ರಕ್ತದ ತಪಾಸಣೆ ಮಾಡಿಸಿಕೊಳ್ಳಿ. ನಲವತ್ತು ದಾಟಿದವರು, ಮನೆಯಲ್ಲಿ ಹೃದ್ರೋಗದ ಇತಿಹಾಸ ಇರುವವರು ಇದನ್ನು ಬಿಡಲೇಬಾರದು.

ಆರಂಭದಲ್ಲಿ ವಾರಕ್ಕೆ 6ರಿಂದ 8 ಗಂಟೆ, ಉತ್ತುಂಗದ ನಾಲ್ಕೈದು ವಾರಗಳಲ್ಲಿ 13ರಿಂದ 15 ಗಂಟೆ. ನಡು ಹಂತದ ಒಂದು ವಾರ ಹೀಗಿರಬಹುದು: ಸೋಮವಾರ ವಿಶ್ರಾಂತಿ. ಮಂಗಳವಾರ 50 ನಿಮಿಷ ಈಜು, ಸಂಜೆ 45 ನಿಮಿಷ ಹಗುರ ಓಟ. ಬುಧವಾರ ಸೈಕಲ್ ಮೇಲೆ 75 ನಿಮಿಷ, ಅದರಲ್ಲಿ ಕಷ್ಟದ ತುಳಿತ ಸೇರಿಸಿ. ಗುರುವಾರ 50 ನಿಮಿಷ ಈಜು, 45 ನಿಮಿಷ ಓಟ. ಶುಕ್ರವಾರ ಮತ್ತೆ 50 ನಿಮಿಷ ಈಜು, ಒಂದು ಗಂಟೆ ಆರಾಮದ ಸೈಕಲ್. ಶನಿವಾರ ಮೂರೂವರೆ ಗಂಟೆ ಸೈಕಲ್, ಇಳಿದ ಕೂಡಲೇ 20 ನಿಮಿಷ ಓಟ. ಭಾನುವಾರ ಒಂದೂವರೆ ಗಂಟೆ ಓಟ. ಒಟ್ಟು ಹನ್ನೊಂದೂವರೆ ಗಂಟೆ, ಅದರಲ್ಲಿ ಅರ್ಧದಷ್ಟು ಸೈಕಲ್. ಸ್ಪರ್ಧೆಯ ಸಮಯದಲ್ಲೂ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕಳೆಯುವುದು ಸೈಕಲ್ ಮೇಲೆಯೇ.

ಮೂರು ವಾರ ಏರಿಸಿ ನಾಲ್ಕನೆಯ ವಾರ ಮೂರನೇ ಒಂದು ಪಾಲು ಇಳಿಸುವುದು ವಾಡಿಕೆ. ದೇಹ ಬಲಗೊಳ್ಳುವುದು ದುಡಿಯುವಾಗ ಅಲ್ಲ, ದುಡಿದ ಮೇಲಿನ ವಿಶ್ರಾಂತಿಯಲ್ಲಿ. ಇಳಿಸುವ ವಾರವನ್ನು ಹಾರಿಸಿದವರು ಮುಂದಿನ ಏರಿಕೆಯಲ್ಲಿ ಗಾಯಗೊಳ್ಳುವುದು ತೀರಾ ಸಾಮಾನ್ಯ. ಕೆಲಸದ ಒತ್ತಡದಿಂದ ಒಂದು ದಿನ ತಪ್ಪಿದರೆ ಅದನ್ನು ಅಲ್ಲಿಗೇ ಬಿಡಬೇಕು. ತಪ್ಪಿದ್ದನ್ನೆಲ್ಲ ವಾರಾಂತ್ಯಕ್ಕೆ ತುರುಕಿದರೆ ಆ ವಾರಾಂತ್ಯವೂ ಕೆಡುತ್ತದೆ, ಮುಂದಿನ ವಾರವೂ ಕೆಡುತ್ತದೆ.

ನಿಧಾನವಾಗಿ ಹೋಗಿ ಬಲಗೊಳ್ಳುವುದು ಹೇಗೆ

ಸ್ನಾಯುಗಳಿಗೆ ಎರಡು ಇಂಧನ: ಕೊಬ್ಬು ಮತ್ತು ಕಾರ್ಬೋಹೈಡ್ರೇಟ್. ನಿಧಾನ ಗತಿಯಲ್ಲಿ ಕೊಬ್ಬಿನ ಪಾಲು ಹೆಚ್ಚು, ವೇಗ ಏರಿದಂತೆ ಕಾರ್ಬೋಹೈಡ್ರೇಟ್‌ನ ಪಾಲು ಹೆಚ್ಚು. ತೆಳ್ಳಗಿನವರ ಮೈಯಲ್ಲೂ ಕೊಬ್ಬು ಹತ್ತಾರು ಗಂಟೆಗಾಗುವಷ್ಟು ಇರುತ್ತದೆ, ಕಾರ್ಬೋಹೈಡ್ರೇಟ್ ಎರಡು ಮೂರು ಗಂಟೆಗಷ್ಟೇ. ಹಗುರವಾದ ದೀರ್ಘ ಅಭ್ಯಾಸದಿಂದ ಸ್ನಾಯುಗಳ ಒಳಗೆ ಇಂಧನ ಸುಡುವ ಮೈಟೊಕಾಂಡ್ರಿಯಾ ಹೆಚ್ಚುತ್ತವೆ, ಅವುಗಳಿಗೆ ರಕ್ತ ಒಯ್ಯುವ ಸೂಕ್ಷ್ಮ ನಾಳಗಳು ಹೆಚ್ಚುತ್ತವೆ. ಆಗ ಅದೇ ವೇಗದಲ್ಲಿ ಹೋದರೂ ಮೊದಲಿಗಿಂತ ಹೆಚ್ಚು ಕೊಬ್ಬು ಉರಿಯುತ್ತದೆ, ಕಾರ್ಬೋಹೈಡ್ರೇಟ್ ಉಳಿಯುತ್ತದೆ. ಒಟ್ಟು ಸಮಯದ ಶೇ. 80ರಷ್ಟನ್ನು ಹಗುರ ಗತಿಗೆ ಮೀಸಲಿಡಲು ಇದೇ ಕಾರಣ.

ಹಗುರ ಎಂದರೆ ಎಷ್ಟು? ಓಡುತ್ತಾ, ತುಳಿಯುತ್ತಾ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಮೂರು ನಾಲ್ಕು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳಬೇಕಾಗಿ ಬಂದರೆ ಗತಿ ಜಾಸ್ತಿಯಾಗಿದೆ ಎಂದರ್ಥ. 220ರಿಂದ ವಯಸ್ಸು ಕಳೆದು ಗರಿಷ್ಠ ಹೃದಯ ಬಡಿತ ಲೆಕ್ಕ ಹಾಕುವ ಸೂತ್ರ ಜನಸಮೂಹದ ಸರಾಸರಿಗೆ ಸರಿ, ಒಬ್ಬೊಬ್ಬ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತ ಅತ್ತಿತ್ತ ಆಗಬಹುದು. ಅದನ್ನೇ ನಂಬಿ ಬಡಿತದ ವಲಯಗಳನ್ನು, ಅಂದರೆ ಹಗುರ, ನಡು, ಜೋರು ಎಂಬ ಮಟ್ಟಗಳನ್ನು, ಗುರುತಿಸಿಕೊಂಡರೆ ಕೆಲವರು ಬೇಡದಷ್ಟು ಕಷ್ಟಪಡುತ್ತಾರೆ.

ಬಹುತೇಕ ಹೊಸಬರು ಮಾಡುವ ತಪ್ಪು ಇಲ್ಲಿಯೇ ಇದೆ. ಹಗುರದ ದಿನ ಸ್ವಲ್ಪ ಜೋರಾಗಿ, ಜೋರಿನ ದಿನ ದಣಿವಿನಿಂದ ಸ್ವಲ್ಪ ಹಗುರವಾಗಿ ಮಾಡುತ್ತಾರೆ. ಪ್ರತಿ ದಿನವೂ ನಡುಮಟ್ಟದಲ್ಲೇ ಕಳೆದು ಎರಡರ ಲಾಭವೂ ಕೈತಪ್ಪುತ್ತದೆ.

ಈಜು: ಮೊದಲು ದೇಹದ ಸ್ಥಿತಿ, ಆಮೇಲೆ ದಮ್ಮು

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಆದ್ದರಿಂದ ಈಜಿನಲ್ಲಿ ಬಲ ಹೆಚ್ಚಿಸುವುದಕ್ಕಿಂತ ಅಡ್ಡಿ ತಗ್ಗಿಸುವುದು ಹೆಚ್ಚು ಫಲ ಕೊಡುತ್ತದೆ. ವಯಸ್ಕರಾದ ಮೇಲೆ ಈಜು ಕಲಿತವರಲ್ಲಿ ಕಾಲು ಮುಳುಗುವುದು ಅತಿ ದೊಡ್ಡ ತೊಂದರೆ. ಉಸಿರಿಗಾಗಿ ತಲೆ ಎತ್ತಿದರೆ ಸೊಂಟ ಇಳಿಯುತ್ತದೆ, ಉಸಿರನ್ನು ಎದೆಯಲ್ಲಿ ಕಟ್ಟಿಹಿಡಿದರೆ ಎದೆ ತೇಲಿ ಕಾಲು ಇನ್ನಷ್ಟು ಇಳಿಯುತ್ತದೆ. ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗು ಬಾಯಿಯಿಂದ ಗುಳ್ಳೆ ಬಿಡುತ್ತಲೇ ಇರಬೇಕು. ತಲೆಯನ್ನು ಎತ್ತದೆ ಪಕ್ಕಕ್ಕೆ ಹೊರಳಿಸಿ ಉಸಿರು ತೆಗೆದುಕೊಳ್ಳಬೇಕು, ಒಂದು ಗಾಗಲ್ ನೀರಿನಲ್ಲೇ ಇರಬೇಕು.

ತರಬೇತಿಯ ವೇಗ ಕಂಡುಕೊಳ್ಳಲು ಸರಳ ಪರೀಕ್ಷೆಯಿದೆ. ಈಜುಕೊಳದಲ್ಲಿ 400 ಮೀ. ಪೂರ್ತಿ ಶಕ್ತಿಯಿಂದ ಈಜಿ, ಚೆನ್ನಾಗಿ ಸುಧಾರಿಸಿಕೊಂಡು 200 ಮೀ. ಈಜಬೇಕು. 400ಕ್ಕೆ 9 ನಿಮಿಷ 20 ಸೆಕೆಂಡ್, 200ಕ್ಕೆ 4 ನಿಮಿಷ 24 ಸೆಕೆಂಡ್ ಹಿಡಿಯಿತು ಎನ್ನಿ. ವ್ಯತ್ಯಾಸ 296 ಸೆಕೆಂಡ್, ಅದರ ಅರ್ಧ 148. ಅಂದರೆ 100 ಮೀಟರಿಗೆ 2 ನಿಮಿಷ 28 ಸೆಕೆಂಡ್. ಇದಕ್ಕೆ ಕ್ರಿಟಿಕಲ್ ಸ್ವಿಮ್ ಸ್ಪೀಡ್ ಎನ್ನುತ್ತಾರೆ. ಈ ವೇಗಕ್ಕಿಂತ 100 ಮೀಟರಿಗೆ 5 ಸೆಕೆಂಡ್ ನಿಧಾನವಾಗಿ, 200 ಮೀಟರಿನ ಹತ್ತು ಸುತ್ತು, ನಡುನಡುವೆ 20 ಸೆಕೆಂಡ್ ಬಿಡುವು. ಹತ್ತನೆಯ ಸುತ್ತೂ ಮೊದಲನೆಯದರಷ್ಟೇ ಸಮಯದಲ್ಲಿ ಮುಗಿದರೆ ಲೆಕ್ಕ ಸರಿಯಾಗಿದೆ. ಆರು ವಾರಕ್ಕೊಮ್ಮೆ ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಕೊಳದಲ್ಲಿ 4 ಕಿ.ಮೀ. ಈಜಿದವರೂ ಕೆರೆ, ಸಮುದ್ರದಲ್ಲಿ ಗಾಬರಿಯಾಗುತ್ತಾರೆ. ತಳದ ಗೆರೆ ಇಲ್ಲ, ಹಿಡಿಯಲು ಗೋಡೆ ಇಲ್ಲ, ಸುತ್ತ ಕೈಕಾಲು ಬಡಿಯುವ ಜನ. ಆರಂಭದ 200 ಮೀ. ಬೇಕೆಂದೇ ನಿಧಾನವಾಗಿ, ಗುಂಪಿನ ಅಂಚಿನಲ್ಲಿ ಈಜುವುದು ಗಾಬರಿಗೆ ಒಳ್ಳೆಯ ಮದ್ದು. ಪ್ರತಿ 8ರಿಂದ 10 ಕೈಬೀಸಿಗೊಮ್ಮೆ ಕಣ್ಣು ಮಾತ್ರ ಮೇಲೆ ಬರುವಷ್ಟು ತಲೆ ಎತ್ತಿ ದಿಕ್ಕು ನೋಡಬೇಕು. ನೋಡದೆ ಈಜಿದವರು 3.8ರ ಬದಲು 4.2 ಕಿ.ಮೀ. ಈಜಿ ಬರುತ್ತಾರೆ. ಮುಂದಿನವರ ಪಾದದ ಹಿಂದೆಯೇ ಈಜಿದರೆ ಶ್ರಮ ಉಳಿಯುತ್ತದೆ, ಈಜಿನಲ್ಲಿ ಇದಕ್ಕೆ ನಿಯಮದ ಅಡ್ಡಿಯಿಲ್ಲ. ತೆರೆದ ನೀರಿನ ಅಭ್ಯಾಸ ಕನಿಷ್ಠ ಆರೇಳು ಸಲವಾದರೂ ಆಗಬೇಕು. ಒಬ್ಬರೇ ಎಂದೂ ಇಳಿಯಬಾರದು, ಸೊಂಟಕ್ಕೆ ಗಾಢ ಬಣ್ಣದ ತೇಲುಬುರುಡೆ ಕಟ್ಟಿಕೊಂಡಿರಬೇಕು.

ತಣ್ಣೀರಿನಲ್ಲಿ ವೆಟ್‌ಸೂಟ್ (ಮೈಗೆ ಅಂಟಿ ಕೂರುವ ರಬ್ಬರಿನ ಈಜುಡುಪು) ಧರಿಸಲು ಅನುಮತಿ ಇರುತ್ತದೆ. ನೀರು ಸುಮಾರು 24.5 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹವ್ಯಾಸಿಗಳಿಗೆ ಸಾಮಾನ್ಯವಾಗಿ ಅದು ನಿಷಿದ್ಧ. ವೆಟ್‌ಸೂಟ್ ಕಾಲನ್ನು ತೇಲಿಸುತ್ತದೆ, ಜೊತೆಗೆ ಎದೆಯನ್ನು ಬಿಗಿಯುತ್ತದೆ. ಸ್ಪರ್ಧೆಯ ದಿನವೇ ಮೊದಲ ಬಾರಿಗೆ ಧರಿಸಿದರೆ ಆ ಬಿಗಿತವನ್ನೇ ಉಸಿರುಗಟ್ಟುವಿಕೆ ಎಂದುಕೊಂಡು ಹೆದರುವವರಿದ್ದಾರೆ. ಕತ್ತಿನ ಹಿಂಭಾಗಕ್ಕೆ ಜಿಡ್ಡು ಹಚ್ಚದಿದ್ದರೆ ಒಂದೂವರೆ ಗಂಟೆಯಲ್ಲಿ ಚರ್ಮ ಕಿತ್ತುಬರುತ್ತದೆ. ಉಸಿರು ನಿಜಕ್ಕೂ ಕಟ್ಟಿ, ಕೆಮ್ಮಿನೊಡನೆ ಗುಲಾಬಿ ನೊರೆ ಬಂದರೆ ಅದು ಶ್ವಾಸಕೋಶದಲ್ಲಿ ನೀರು ತುಂಬಿದ ಲಕ್ಷಣ. ಕೂಡಲೇ ಕೈ ಎತ್ತಿ ರಕ್ಷಣಾ ದೋಣಿಯನ್ನು ಕರೆಯಬೇಕು.

ಸೈಕಲ್: ಇಲ್ಲಿ ಉಳಿಸಿದ್ದು ಓಟಕ್ಕೆ

ಒಂದು ಗಂಟೆ ಸತತವಾಗಿ ಹಾಕಬಲ್ಲ ಗರಿಷ್ಠ ಬಲವನ್ನು ಎಫ್‌ಟಿಪಿ ಎನ್ನುತ್ತಾರೆ, ಅಳೆಯುವುದು ವ್ಯಾಟ್‌ನಲ್ಲಿ. 20 ನಿಮಿಷ ಪೂರ್ತಿ ಶಕ್ತಿಯಿಂದ ತುಳಿದು, ಆ ಸರಾಸರಿಯ ಶೇ. 95ನ್ನು ಎಫ್‌ಟಿಪಿ ಎಂದು ಹಿಡಿಯುವುದು ರೂಢಿ. ಮೊದಲ ಸಲ ಹೋಗುವವರು ಸ್ಪರ್ಧೆಯಲ್ಲಿ ಎಫ್‌ಟಿಪಿಯ ಶೇ. 65ರಿಂದ 72ರ ಒಳಗೆ ಇರಬೇಕು. ಎಫ್‌ಟಿಪಿ 200 ವ್ಯಾಟ್ ಇದ್ದರೆ 130ರಿಂದ 144. ಪವರ್ ಮೀಟರ್ ಇಲ್ಲದವರಿಗೆ ಅದೇ ಮಾತಾಡುವ ಪರೀಕ್ಷೆ ಸಾಕು: ಮೊದಲ ಮೂರು ಗಂಟೆ ತೀರಾ ಸುಲಭ ಎನಿಸಬೇಕು.

ಗಟ್ಟಿಯಾಗಿ ತುಳಿದರೆ ಸಿಗುವ ಲಾಭ ಎಷ್ಟೆಂದು ಲೆಕ್ಕ ಮಾಡಿ ನೋಡಿ. ಗಾಳಿಯನ್ನು ಸೀಳಲು ಬೇಕಾದ ಬಲ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 25 ಕಿ.ಮೀ.ಯಿಂದ 28ಕ್ಕೆ ಹೋಗಲು ಗಾಳಿಯ ಪಾಲಿಗೇ ಸುಮಾರು ಶೇ. 40 ಹೆಚ್ಚು ಬಲ ಬೇಕು. 25ರಿಂದ 26ಕ್ಕೆ ಏರಿಸಿದರೆ 180 ಕಿ.ಮೀ.ಯಲ್ಲಿ ಉಳಿಯುವುದು 17 ನಿಮಿಷ. ಆ ಖರ್ಚಿನಿಂದ ಓಟದ ಕೊನೆಯ 15 ಕಿ.ಮೀ.ಯನ್ನು, ಕಿಲೋಮೀಟರಿಗೆ ಏಳೂವರೆ ನಿಮಿಷದಲ್ಲಿ ಓಡುವ ಬದಲು ಹನ್ನೊಂದು ನಿಮಿಷದಂತೆ ನಡೆದು ಮುಗಿಸಬೇಕಾಗಿ ಬಂದರೆ ನಷ್ಟ 50 ನಿಮಿಷಕ್ಕೂ ಹೆಚ್ಚು. ಏರುದಾರಿಯಲ್ಲಿ ಎಲ್ಲರೂ ಹಿಂದಿಕ್ಕಿ ಹೋಗುವಾಗ ಸುಮ್ಮನಿರುವುದು ಕಷ್ಟ. ಅದನ್ನೂ ಅಭ್ಯಾಸದ ದಿನಗಳಲ್ಲೇ ರೂಢಿಸಿಕೊಳ್ಳಬೇಕು.

ಏಳು ಗಂಟೆ ಕೂರುವ ಸೀಟಿನ ಎತ್ತರ ಬೆರಳಗಲ ತಪ್ಪಿದರೂ ಮಂಡಿ ಮಾತಾಡುತ್ತದೆ. ಪೆಡಲ್ ಅತಿ ಕೆಳಗಿರುವಾಗ ಮಂಡಿ 25ರಿಂದ 35 ಡಿಗ್ರಿ ಬಾಗಿರಬೇಕು. ಸೀಟು ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ. ಎತ್ತರವಾದರೆ ಮಂಡಿಯ ಹಿಂಭಾಗ ನೋಯುತ್ತದೆ, ಸೊಂಟ ಎಡಬಲ ತೊನೆದು ತೊಡೆಸಂದಿನಲ್ಲಿ ಹುಣ್ಣಾಗುತ್ತದೆ. ಹ್ಯಾಂಡಲ್ ಮೇಲೆ ಮೊಣಕೈ ಊರಿ ಬಗ್ಗಿ ಕೂರುವ ಏರೋ ಬಾರ್ ಗಾಳಿಯ ಅಡ್ಡಿಯನ್ನು ಚೆನ್ನಾಗಿ ತಗ್ಗಿಸುತ್ತದೆ. ಆದರೆ ಆ ಭಂಗಿಯಲ್ಲಿ ಎರಡು ಮೂರು ಗಂಟೆ ನಿರಾಳವಾಗಿ ಕೂರಲು, ತಿನ್ನಲು ಬರದಿದ್ದರೆ ಅದರಿಂದ ಪ್ರಯೋಜನವಿಲ್ಲ. ಭಂಗಿ ಬದಲಿಸುವುದಿದ್ದರೆ ಸ್ಪರ್ಧೆಗೆ ಎರಡು ತಿಂಗಳು ಇರುವಾಗಲೇ ಬದಲಿಸಬೇಕು. ಪೆಡಲ್ ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಲಿ, ಭಾರದ ಗೇರಿನಲ್ಲಿ 60 ಸುತ್ತು ತುಳಿದರೆ ತೊಡೆ ಬೇಗ ಸೋಲುತ್ತದೆ.

ಪಂಕ್ಚರ್ ಹಾಕುವುದನ್ನು ಮನೆಯಲ್ಲಿ ಕೂತು ಹತ್ತು ಸಲವಾದರೂ ಅಭ್ಯಾಸ ಮಾಡಿ. ಹಳೆಯ ಟ್ಯೂಬ್ ತೆಗೆದ ಮೇಲೆ ಟಯರಿನ ಒಳಮೈಯನ್ನು ಬೆರಳಿನಿಂದ ನಿಧಾನವಾಗಿ ಪೂರ್ತಿ ಸವರಿ ಮುಳ್ಳು ಅಥವಾ ಗಾಜಿನ ಚೂರನ್ನು ಹುಡುಕಿ ತೆಗೆಯಬೇಕು. ಅದನ್ನು ಮರೆತು ಹೊಸ ಟ್ಯೂಬ್ ಹಾಕಿದರೆ ನೂರು ಮೀಟರಿನಲ್ಲಿ ಅದೂ ಹೋಗುತ್ತದೆ. ಗಾಳಿ ತುಂಬುವ ಮೊದಲು ಟಯರಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿಕೊಂಡಿಲ್ಲವೆಂದು ಸುತ್ತಲೂ ನೋಡಿಕೊಳ್ಳಬೇಕು. ಎರಡು ಟ್ಯೂಬ್, ಟಯರ್ ಲಿವರ್, ಸಣ್ಣ ಪಂಪು, ಅಲೆನ್ ಕೀ ಗೊಂಚಲು, ಒಂದು ಚೈನ್ ಲಿಂಕ್ ಸೀಟಿನ ಕೆಳಗಿನ ಚೀಲದಲ್ಲಿರಲಿ.

ಈಜಿನಂತೆ ಇಲ್ಲಿ ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ಹೋಗುವಂತಿಲ್ಲ. ಹವ್ಯಾಸಿಗಳಿಗೆ ಸಾಮಾನ್ಯವಾಗಿ 12 ಮೀ. ಅಂತರದ ನಿಯಮವಿದೆ, ಅದರೊಳಗೆ ನುಗ್ಗಿದರೆ 25 ಸೆಕೆಂಡಿನಲ್ಲಿ ದಾಟಿ ಮುಂದೆ ಹೋಗಬೇಕು. ತಪ್ಪಿದರೆ ದಂಡವಾಗಿ ಕೆಲವು ನಿಮಿಷ ನಿಲ್ಲಿಸುತ್ತಾರೆ.

ಓಟ ಮತ್ತು ಬ್ರಿಕ್

ಸೈಕಲ್ ಇಳಿದು ಓಡಲು ಶುರುಮಾಡಿದರೆ ಕಾಲು ತನ್ನದಲ್ಲ ಎನಿಸುತ್ತದೆ. ಗಂಟೆಗಟ್ಟಲೆ ಬಾಗಿ ಕೂತು ಸೊಂಟದ ಮುಂಭಾಗದ ಸ್ನಾಯು ಬಿಗಿದಿರುತ್ತದೆ, ಸುತ್ತು ತಿರುಗುವ ಚಲನೆಯಿಂದ ನೆಲಕ್ಕೆ ಬಡಿಯುವ ಚಲನೆಗೆ ನರವ್ಯವಸ್ಥೆ ಹೊಂದಿಕೊಳ್ಳಬೇಕಾಗಿರುತ್ತದೆ. ಸೈಕಲ್ ಬೆನ್ನಿಗೇ ಓಡುವ ಈ ಅಭ್ಯಾಸಕ್ಕೆ ಬ್ರಿಕ್ ಎಂದು ಹೆಸರು. ವಾರಕ್ಕೊಮ್ಮೆ 15ರಿಂದ 30 ನಿಮಿಷ ಸಾಕು, ಉದ್ದೇಶ ದೂರವಲ್ಲ. ಇನ್ನೊಂದು ಸಂಗತಿಯನ್ನೂ ಬ್ರಿಕ್ ಕಲಿಸುತ್ತದೆ: ಸೈಕಲ್ ವೇಗಕ್ಕೆ ಒಗ್ಗಿದ ಕಣ್ಣಿಗೆ ಓಟ ನಿಧಾನ ಎನಿಸಿ, ಮೊದಲ ಕಿಲೋಮೀಟರನ್ನು ಗೊತ್ತಿಲ್ಲದೆಯೇ ಒಂದು ನಿಮಿಷ ಬೇಗ ಓಡಿಬಿಡುತ್ತಾರೆ.

ತಯಾರಿಯಲ್ಲಿ 42 ಕಿ.ಮೀ. ಒಮ್ಮೆಲೇ ಓಡುವ ಅಗತ್ಯವಿಲ್ಲ. ಎರಡೂವರೆ ಗಂಟೆ ದಾಟಿದ ಓಟದಿಂದ ಸಿಗುವ ಲಾಭಕ್ಕಿಂತ ಸ್ನಾಯು ಮತ್ತು ಮೂಳೆಗಾಗುವ ಹಾನಿ ಹೆಚ್ಚು. ಆ ವಾರವೆಲ್ಲ ಸುಧಾರಿಸಿಕೊಳ್ಳಲೇ ಹೋಗುತ್ತದೆ. ಬದಲಿಗೆ ದೀರ್ಘ ಸೈಕಲ್ ಸವಾರಿಯನ್ನು ಐದಾರು ಗಂಟೆಯವರೆಗೆ ಬೆಳೆಸಬಹುದು, ಅದರಿಂದ ಕೀಲುಗಳಿಗೆ ಪೆಟ್ಟಿಲ್ಲ. ವಾರಕ್ಕೆರಡು ಸಲ ಅರ್ಧ ಗಂಟೆ ಸ್ಕ್ವಾಟ್, ಡೆಡ್‌ಲಿಫ್ಟ್, ಮೀನಖಂಡ ಎತ್ತುವ ವ್ಯಾಯಾಮ, ಪ್ಲ್ಯಾಂಕ್ ಮಾಡಿದರೆ ಕೊನೆಯ ಗಂಟೆಗಳಲ್ಲಿ ಬೆನ್ನು ಕುಸಿಯುವುದಿಲ್ಲ.

ಹೊಟ್ಟೆಗೂ ತರಬೇತಿ ಬೇಕು

ಲಿವರ್ ಮತ್ತು ಸ್ನಾಯುಗಳಲ್ಲಿ ಕಾರ್ಬೋಹೈಡ್ರೇಟ್ ಗ್ಲೈಕೋಜನ್ ರೂಪದಲ್ಲಿ ಶೇಖರವಾಗಿರುತ್ತದೆ, ಸುಮಾರು 400ರಿಂದ 500 ಗ್ರಾಂ. ಇದನ್ನು ಮನೆಯ ಮೇಲಿನ ನೀರಿನ ಟ್ಯಾಂಕ್ ಎಂದುಕೊಳ್ಳಿ. ಕೆಳಗಿನ ನಲ್ಲಿ ಎಷ್ಟು ತಿರುಗಿಸಿದ್ದೀರಿ ಎನ್ನುವುದು ವೇಗ, ಮೇಲಿನಿಂದ ತುಂಬುವ ಸಣ್ಣ ಪೈಪು ಎಂದರೆ ದಾರಿಯಲ್ಲಿ ತಿನ್ನುವುದು. ಪೈಪು ಎಂದೂ ಸಣ್ಣದೇ, ನಲ್ಲಿಯನ್ನು ಮಾತ್ರ ಎಷ್ಟು ಬೇಕಾದರೂ ತಿರುಗಿಸಬಹುದು. ತೊಂದರೆಯ ಮೂಲ ಅದೇ.

140 ವ್ಯಾಟ್‌ನಲ್ಲಿ ತುಳಿಯುವವರು ಗಂಟೆಗೆ ಹೆಚ್ಚು ಕಡಿಮೆ 500 ಕಿಲೋಕ್ಯಾಲೊರಿ ಖರ್ಚು ಮಾಡುತ್ತಾರೆ. ಅದರಲ್ಲಿ ಅರ್ಧ ಕೊಬ್ಬಿನಿಂದ ಬಂತು ಎಂದು ಹಿಡಿದರೆ ಉಳಿದ 250ಕ್ಕೆ ಸುಮಾರು 62 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಗಂಟೆಗೆ 60 ಗ್ರಾಂ ತಿಂದರೆ ಟ್ಯಾಂಕ್ ಇದ್ದಲ್ಲೇ ಇರುತ್ತದೆ. ಅದೇ ವ್ಯಕ್ತಿ 160 ವ್ಯಾಟ್‌ಗೆ ಏರಿದರೆ ಖರ್ಚು ಸುಮಾರು 575ಕ್ಕೆ ಹೋಗುತ್ತದೆ, ಕಾರ್ಬೋಹೈಡ್ರೇಟ್‌ನ ಪಾಲೂ ಏರುತ್ತದೆ. ಅದು ಶೇ. 70 ಆಯಿತೆಂದರೆ ಗಂಟೆಗೆ 100 ಗ್ರಾಂ ಬೇಕು. 60 ಗ್ರಾಂ ತಿನ್ನುತ್ತಿದ್ದರೂ ಪ್ರತಿ ಗಂಟೆ 40 ಗ್ರಾಂ ಕೊರತೆ, ಏಳು ಗಂಟೆಗೆ 280 ಗ್ರಾಂ. ಓಟ ಶುರುವಾಗುವ ಮೊದಲೇ ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಇಪ್ಪತ್ತೇ ವ್ಯಾಟ್‌ನಿಂದ ಆಗುವ ವ್ಯತ್ಯಾಸ ಇದು.

ಹಾಗಾದರೆ 100 ಗ್ರಾಂ ತಿನ್ನಬಾರದೇ? ಕರುಳು ಗ್ಲೂಕೋಸನ್ನು ಗಂಟೆಗೆ ಸುಮಾರು 60 ಗ್ರಾಂ ಮಾತ್ರ ಹೀರಿಕೊಳ್ಳುತ್ತದೆ. ಫ್ರಕ್ಟೋಸ್ ಹೀರಿಕೊಳ್ಳಲು ಬೇರೆಯೇ ದಾರಿ ಇದೆ. ಎರಡನ್ನೂ ಬೆರೆಸಿ ಕೊಟ್ಟರೆ 90 ಗ್ರಾಂವರೆಗೆ ಹೋಗಬಹುದು, ಅದೂ ಅಭ್ಯಾಸವಿದ್ದರೆ. ಮೊದಲ ಸಲದವರಿಗೆ 60ರಿಂದ 75 ಗ್ರಾಂ ಒಳ್ಳೆಯ ಗುರಿ. ದೀರ್ಘ ಸವಾರಿಗಳಲ್ಲಿ ಗಂಟೆಗೆ 30–40 ಗ್ರಾಂನಿಂದ ಶುರುಮಾಡಿ ಎರಡು ವಾರಕ್ಕೊಮ್ಮೆ 10 ಗ್ರಾಂ ಏರಿಸುತ್ತಾ ಹೋಗಿ. ಕರುಳು ನಿಜಕ್ಕೂ ಒಗ್ಗಿಕೊಳ್ಳುತ್ತದೆ.

ಮನೆಯಲ್ಲೇ ಪಾನೀಯ ಮಾಡಿಕೊಳ್ಳುವುದಾದರೆ 750 ಮಿ.ಲೀ. ನೀರಿಗೆ 40 ಗ್ರಾಂ ಸಕ್ಕರೆ, 20 ಗ್ರಾಂ ಮಾಲ್ಟೊಡೆಕ್ಸ್ಟ್ರಿನ್, 1 ಗ್ರಾಂ ಉಪ್ಪು. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಮಾಲ್ಟೊಡೆಕ್ಸ್ಟ್ರಿನ್ ಪೂರ್ತಿ ಗ್ಲೂಕೋಸ್ ಸರಪಳಿ. ಹೀಗೆ ಗ್ಲೂಕೋಸ್ 40, ಫ್ರಕ್ಟೋಸ್ 20, ಎರಡಕ್ಕೊಂದರ ಪ್ರಮಾಣ ಬರುತ್ತದೆ. ಸಾಂದ್ರತೆ ಶೇ. 8. ಇದರ ಜೊತೆಗೇ 25 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಜೆಲ್ (ಸಣ್ಣ ಪೊಟ್ಟಣದಲ್ಲಿ ಸಿಗುವ ಸಿಹಿ ಪಾಕ) ತಿಂದರೆ ಹೊಟ್ಟೆಯಲ್ಲಿ ಸಾಂದ್ರತೆ ಏರಿ, ಕರುಳು ಮೈಯಲ್ಲಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊಟ್ಟೆ ಉಬ್ಬರ, ಭೇದಿ ಶುರುವಾಗುವುದು ಹೀಗೆ. ಜೆಲ್ ತಿಂದರೆ ಬರೀ ನೀರು ಕುಡಿಯಬೇಕು.

ತಿನ್ನುವುದು ಹಸಿವಾದಾಗಲ್ಲ, ಗಡಿಯಾರ ನೋಡಿ. ಸೈಕಲ್ ಹತ್ತಿದ ಮೊದಲ ಹತ್ತು ನಿಮಿಷ ನೀರು ಮಾತ್ರ, ಆಮೇಲೆ ಪ್ರತಿ 15–20 ನಿಮಿಷಕ್ಕೆ ಒಂದಿಷ್ಟು. ಓಟದಲ್ಲಿ ಹೊಟ್ಟೆ ಕುಲುಕುವುದರಿಂದ ಗಂಟೆಗೆ 40–50 ಗ್ರಾಂ ಹೋದರೂ ಒಳ್ಳೆಯದೇ. ಅಲ್ಲಿಯ ಕೊರತೆ ತುಂಬುವಷ್ಟನ್ನು ಸೈಕಲ್ ಮೇಲೆಯೇ ತಿಂದಿರಬೇಕು. ನಡುದಾರಿಯಲ್ಲಿ ವಾಕರಿಕೆ ಬಂದರೆ ಮೊದಲು ಮಾಡಬೇಕಾದ್ದು ವೇಗ ತಗ್ಗಿಸುವುದು. ಜೋರಾಗಿ ತುಳಿಯುವಾಗ ರಕ್ತವೆಲ್ಲ ಕಾಲಿಗೆ ಹೋಗಿ ಕರುಳಿಗೆ ಸಾಲದಾಗಿರುತ್ತದೆ. ಹತ್ತು ಹದಿನೈದು ನಿಮಿಷ ಹಗುರವಾಗಿ ಹೋಗಿ, ಗುಟುಕು ಗುಟುಕಾಗಿ ನೀರು ಕುಡಿದರೆ ಬಹಳ ಸಲ ಸರಿಹೋಗುತ್ತದೆ.

ನೀರು, ಉಪ್ಪು

ಬೆವರಿನ ಪ್ರಮಾಣ ಒಬ್ಬೊಬ್ಬರಿಗೆ ಒಂದೊಂದು ಥರ, ಅಳೆದೇ ತಿಳಿಯಬೇಕು. ಒಂದು ಗಂಟೆ ಸವಾರಿಗೆ ಮುಂಚೆ ಬಟ್ಟೆಯಿಲ್ಲದೆ ತೂಕ 70.0 ಕೆ.ಜಿ., ಬಂದು ಮೈ ಒರೆಸಿಕೊಂಡ ಮೇಲೆ 69.3, ನಡುವೆ ಕುಡಿದದ್ದು ಅರ್ಧ ಲೀಟರ್ ಎಂದರೆ ಬೆವರಿದ್ದು 1.2 ಲೀಟರ್. ತಂಪು ದಿನ, ಬಿಸಿಲು ದಿನ ಎರಡರಲ್ಲೂ ಅಳೆದಿಟ್ಟುಕೊಳ್ಳಿ. ಹೋದದ್ದನ್ನೆಲ್ಲ ಕುಡಿದು ತುಂಬಬೇಕಿಲ್ಲ, ದಿನದ ಕೊನೆಗೆ ತೂಕ ಶೇ. 2–3 ಇಳಿದಿದ್ದರೆ ತೊಂದರೆಯಿಲ್ಲ.

ಬೆವರಿದ್ದಕ್ಕಿಂತ ಹೆಚ್ಚು ಕುಡಿಯುವುದು ಕಡಿಮೆ ಕುಡಿಯುವುದಕ್ಕಿಂತ ಅಪಾಯಕಾರಿ. ರಕ್ತದ ಸೋಡಿಯಂ ತಿಳಿಯಾಗಿ ಲೀಟರಿಗೆ 135 ಮಿಲಿಮೋಲ್‌ಗಿಂತ ಇಳಿದರೆ ಅದು ಹೈಪೊನಾಟ್ರೀಮಿಯಾ. ಬೆರಳು ಊದುವುದು, ತಲೆನೋವು, ವಾಂತಿ, ಗೊಂದಲ ಇದರ ಲಕ್ಷಣ, ವಿಪರೀತಕ್ಕೆ ಹೋದರೆ ಮಿದುಳು ಊದಿ ಜೀವಕ್ಕೇ ಕುತ್ತು. ನಿಧಾನವಾಗಿ ಹೋಗುತ್ತಾ ಪ್ರತಿ ನೀರಿನ ಮೇಜಿನಲ್ಲೂ ಕುಡಿಯುವವರಿಗೆ ಈ ಅಪಾಯ ಹೆಚ್ಚು. ಉಪ್ಪು ಸೇರಿಸಿದ ಮಾತ್ರಕ್ಕೆ ಅತಿಯಾಗಿ ಕುಡಿದದ್ದು ಸರಿಹೋಗುವುದಿಲ್ಲ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಸ್ಪರ್ಧೆಯ ನಡುವೆ ಬೇಡ, ಮೂತ್ರಪಿಂಡಕ್ಕೂ ಸೋಡಿಯಂ ಸಮತೋಲಕ್ಕೂ ಅದು ಕೆಟ್ಟದ್ದು.

ಬಿಸಿಲಿನ ಊರಿನ ಸ್ಪರ್ಧೆಯಾದರೆ 10ರಿಂದ 14 ದಿನ ದಿನಾಲೂ ಒಂದು ಗಂಟೆ ಶಾಖದಲ್ಲಿ ಹಗುರ ಅಭ್ಯಾಸ ಮಾಡಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ.

ದಣಿವು ಎಲ್ಲಿ ರೋಗವಾಗುತ್ತದೆ

ಕಷ್ಟದ ದಿನದ ಮರುದಿನ ಮೈ ನೋಯುವುದು ಸಹಜ. ಆದರೆ ಬೆಳಗ್ಗೆ ಏಳುವಾಗಿನ ಹೃದಯ ಬಡಿತ ನಾಲ್ಕೈದು ದಿನ ಸತತವಾಗಿ ಏರಿಯೇ ಇದ್ದರೆ, ನಿದ್ದೆ ಕೆಟ್ಟರೆ, ಸುಲಭದ ವೇಗವೂ ಭಾರ ಎನಿಸಿದರೆ ಎರಡು ಮೂರು ದಿನ ಪೂರ್ತಿ ನಿಲ್ಲಿಸಬೇಕು. ಮೂಳೆಯ ಒಂದೇ ಬಿಂದುವಿನಲ್ಲಿ ಬೆರಳಿಟ್ಟರೆ ಚುಚ್ಚುವ, ಓಡಿದಷ್ಟೂ ಹೆಚ್ಚುವ ನೋವು ಒತ್ತಡದ ಬಿರುಕಿನ ಲಕ್ಷಣವಾಗಿರಬಹುದು. ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ತೂಕ ಇಳಿಸುವ ಪಥ್ಯವನ್ನು ಭಾರೀ ತರಬೇತಿಯ ತಿಂಗಳುಗಳೊಂದಿಗೆ ಸೇರಿಸಬಾರದು. ದುಡಿತಕ್ಕೆ ತಕ್ಕಷ್ಟು ತಿನ್ನದಿದ್ದರೆ ಹಾರ್ಮೋನ್ ವ್ಯವಸ್ಥೆ ಕುಗ್ಗುತ್ತದೆ, ಮೂಳೆ ಸೊರಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತರೆ ಅದನ್ನು ಫಿಟ್‌ನೆಸ್‌ನ ಗುರುತು ಎಂದುಕೊಳ್ಳದೆ ತಪಾಸಣೆಗೆ ಹೋಗಬೇಕು.

ಕೊನೆಯ ಮೂರು ವಾರ ಮತ್ತು ಆ ದಿನ

ಕೊನೆಯ ದೀರ್ಘ ಸವಾರಿ ಸ್ಪರ್ಧೆಗೆ ಮೂರು ವಾರ ಮುಂಚೆಯೇ ಮುಗಿಯಬೇಕು. ಅಲ್ಲಿಂದ ಅಭ್ಯಾಸದ ಸಮಯವನ್ನು ಹಂತ ಹಂತವಾಗಿ ಅರ್ಧಕ್ಕೆ ಇಳಿಸುತ್ತಾ, ಚುರುಕಿನ ಸಣ್ಣ ತುಣುಕುಗಳನ್ನು ಮಾತ್ರ ಉಳಿಸಿಕೊಳ್ಳುವುದಕ್ಕೆ ಟೇಪರ್ ಎನ್ನುತ್ತಾರೆ. ಈ ದಿನಗಳಲ್ಲಿ ಕಾಲು ಜಡವೆನಿಸುತ್ತದೆ, ಇಲ್ಲದ ನೋವು ಕಾಣಿಸುತ್ತದೆ. ಗಾಬರಿಯಾಗಿ ಇನ್ನೊಂದು ದೀರ್ಘ ಸವಾರಿಗೆ ಹೊರಡಬಾರದು. ಕೊನೆಯ ಎರಡು ದಿನ ಮೈತೂಕದ ಪ್ರತಿ ಕೆ.ಜಿ.ಗೆ 8 ಗ್ರಾಂನಷ್ಟು ಕಾರ್ಬೋಹೈಡ್ರೇಟ್, ನಾರು ಕಡಿಮೆ. 70 ಕೆ.ಜಿ. ಇರುವವರಿಗೆ ದಿನಕ್ಕೆ 560 ಗ್ರಾಂ. ಒಂದೇ ರಾತ್ರಿ ಗಡದ್ದಾಗಿ ಉಂಡರೆ ಇದು ಸಾಧಿಸುವುದಿಲ್ಲ. ಸ್ಪರ್ಧೆಯ ಬೆಳಗ್ಗೆ ಮೂರು ಗಂಟೆ ಮುಂಚೆ, ಅಭ್ಯಾಸದಲ್ಲಿ ತಿಂದು ಒಗ್ಗಿದ ಉಪಾಹಾರ.

ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಜಾಗ ಟ್ರಾನ್ಸಿಶನ್. ಸೈಕಲ್ ಮುಟ್ಟುವ ಮೊದಲು ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಬೇಕು, ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ ಮೇಲಷ್ಟೇ ಪಟ್ಟಿ ಬಿಚ್ಚಬೇಕು. ಗುರುತಿನ ಗೆರೆ ದಾಟುವವರೆಗೆ ಸೈಕಲ್ ಹತ್ತುವಂತಿಲ್ಲ. ಸಾವಿರಾರು ಸೈಕಲ್ಲುಗಳ ನಡುವೆ ತನ್ನದು ಎಲ್ಲಿದೆ ಎಂದು ಹಿಂದಿನ ದಿನವೇ, ನೀರಿನಿಂದ ಬರುವ ದಾರಿಯಲ್ಲಿ ನಡೆದು ನೋಡಿಕೊಂಡಿರಿ. ಹೊಸ ಶೂ, ಹೊಸ ಜೆಲ್, ಹೊಸ ಬಟ್ಟೆ ಆ ದಿನ ಬೇಡ.

ಓಟದ ಮೊದಲ ಐದು ಕಿ.ಮೀ. ಯೋಜಿಸಿದ್ದಕ್ಕಿಂತ ಕಿಲೋಮೀಟರಿಗೆ 15–20 ಸೆಕೆಂಡ್ ನಿಧಾನವಾಗಿ ಹೋಗಿ. ನೀರಿನ ಮೇಜುಗಳ ಬಳಿ ಶುರುವಿನಿಂದಲೇ 30–40 ಹೆಜ್ಜೆ ನಡೆಯಿರಿ, ಆಗ ಕುಡಿದದ್ದು ಹೊಟ್ಟೆಗೆ ಹೋಗುತ್ತದೆ. ಸುಸ್ತಾದ ಮೇಲೆ ನಡೆಯಲು ಶುರುಮಾಡಿದವರಿಗೆ ಮತ್ತೆ ಓಡುವುದು ಕಷ್ಟ. ಮೊದಲೇ ಲೆಕ್ಕ ಹಾಕಿ ನಡೆದವರು ಕೊನೆಯವರೆಗೂ ಮರಳಿ ಓಡುತ್ತಾರೆ. ಎದೆನೋವು, ಬಿಸಿಲಲ್ಲಿ ಚಳಿ, ಮಾತು ತೊದಲುವುದು, ನೇರ ನಡೆಯಲಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ವೈದ್ಯಕೀಯ ಸಿಬ್ಬಂದಿಯ ಬಳಿಗೆ ಹೋಗಬೇಕು.

ಮುಗಿಸಿದ ಕೂಡಲೇ ಮಲಗದೆ ಹತ್ತು ನಿಮಿಷ ನಡೆದಾಡಿ. ಓಡುವಾಗ ಕಾಲಿನಿಂದ ರಕ್ತ ಮೇಲೆತ್ತುತ್ತಿದ್ದ ಸ್ನಾಯುಗಳು ಒಮ್ಮೆಲೇ ನಿಂತರೆ ರಕ್ತದೊತ್ತಡ ಕುಸಿದು ತಲೆ ಸುತ್ತುತ್ತದೆ. ಒಂದು ವಾರ ಓಟ ಬೇಡ, ನಡಿಗೆ ಮತ್ತು ಹಗುರ ಈಜು ಸಾಕು. ಎರಡನೆಯ ವಾರದಲ್ಲಿ ಆರಾಮದ ಸೈಕಲ್, ಮೂರನೆಯ ವಾರದಲ್ಲಿ ಅರ್ಧ ಗಂಟೆಯ ಓಟ. ಸ್ನಾಯುವಿನ ನೋವು ನಾಲ್ಕೈದು ದಿನಕ್ಕೆ ಹೋದರೂ ಒಳಗಿನ ದಣಿವು ಇಳಿಯಲು ನಾಲ್ಕರಿಂದ ಆರು ವಾರ ಬೇಕು.